ಶಾಲ್ಮಲೆಯ ಸಿಹಿ, ಗಂಗಾವಳಿಯ ಉಪ್ಪು

ಧಾರವಾಡದ ಹೊರವಲಯದ ಸೋಮೇಶ್ವರ ದೇವಾಲಯಕ್ಕೆ ಪರಸ್ಥಳದ ಬೀಗರನ್ನು ಕರೆದುಕೊಂಡು ಹೋದಾಗಲೆಲ್ಲ ನಾವು ಧಾರವಾಡದವರು ಒಂದು ಮಾತನ್ನು ಹೇಳದೆ ಬಿಡುವುದಿಲ್ಲ: "ಇದು ಶಾಲ್ಮಲಾ ಹುಟ್ಟಿದ ಜಾಗಾ ನೋಡ್ರಿ." ಬೀಗರು ನೋಡುತ್ತಾರೆ. ಕಲ್ಲಿನ ಸಂದಿಯಲ್ಲಿ ಜಿನುಗುವ ನೀರು, ಹೊಂಡದಲ್ಲಿ ತೇಲುವ ಹೂವಿನೆಸಳು, ಆಚೆ ಒಂದು ಮಗು ದಾಟಬಹುದಾದಷ್ಟು ಕಿರಿದಾದ ಹರಿವು. ಇಷ್ಟಕ್ಕೆ ನದಿಯೆಂದು ಕರೆಯುವ ನಮ್ಮ ಧೈರ್ಯವನ್ನು ಕಂಡು ಅವರು ಮೆಲ್ಲನೆ ನಗುತ್ತಾರೆ. ನಾನೂ ಅರವತ್ತು ವರ್ಷ ಈ ನಗೆಯನ್ನು ಸಹಿಸಿಕೊಂಡು ಬಂದವನೇ. ಆದರೆ ಹೀಗೆ ಹುಟ್ಟಿದ ನೀರು ಕೊನೆಗೆ ಎಲ್ಲಿ ಮುಟ್ಟುತ್ತದೆ, ಅಲ್ಲಿ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡು ಬರಬೇಕೆಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅನ್ನಿಸಿದವಳು ನನ್ನ ತಂಗಿಯ ಮಗಳು.

ಆಕೆ ಕರ್ನಾಟಕ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ. ಆದರೆ ಧಾರವಾಡದ ಗುಡ್ಡದ ಮೇಲಿನ ಭವನದಲ್ಲಿ ಕುಳಿತು ಓದುವವಳಲ್ಲ. ಬಯಲುಸೀಮೆಯ ಅಂಚಿನಲ್ಲಿ ನೆಲೆಸಿದ ಈ ವಿಶ್ವವಿದ್ಯಾಲಯಕ್ಕೆ ಸಮುದ್ರದ ದಂಡೆಯ ಮೇಲೆಯೂ ಒಂದು ಮನೆಯಿದೆ ಎಂಬುದು ಹುಬ್ಬಳ್ಳಿ-ಧಾರವಾಡದ ಎಷ್ಟೋ ಜನರಿಗೆ ಗೊತ್ತಿಲ್ಲ. ಕಾರವಾರದ ಕೋಡಿಬಾಗದಲ್ಲಿ, ಕಾಳೀನದಿ ಕಡಲನ್ನು ಸೇರುವಲ್ಲಿ, ಅದರ ಸಾಗರ ಜೀವಶಾಸ್ತ್ರ ವಿಭಾಗವಿದೆ. ಆಕೆಯ ವಿಷಯ ಅಳಿವೆಯ ನೀರಿನಲ್ಲಿರುವ ಬ್ಯಾಕ್ಟೀರಿಯಾಗಳು. ಒಂದು ದಿನ ಊಟಕ್ಕೆ ಕುಳಿತಾಗ, "ಮಾಮಾ, ನಮ್ಮ ಶಾಲ್ಮಲಾ ಎಲ್ಲಿಗೆ ಹೋಗ್ತಾಳ ನೋಡೂಣು ನಡೀರಿ. ನನಗ ಬಾಟ್ಲಿ ಹಿಡ್ಕೊಳ್ಳಾಕ ಒಬ್ರು ಬೇಕು" ಎಂದಳು. ಪಿಂಚಣಿ ಪಡೆದ ಮೇಲೆ ನನಗೆ ಸಿಕ್ಕ ಮೊದಲ ನೌಕರಿ ಇದು. ವೈಶಾಖದಲ್ಲಿ ಒಮ್ಮೆ, ಆಷಾಢದಲ್ಲಿ ಒಮ್ಮೆ, ಮಾರ್ಗಶಿರದಲ್ಲಿ ಒಮ್ಮೆ, ಹೀಗೆ ಒಂದೇ ವರ್ಷದಲ್ಲಿ ಮೂರು ಸಲ ಹೋಗಿ ಬಂದೆವು.

ಹೊರಡುವ ಮುನ್ನ ನೀರಿನ ಕಥೆಯನ್ನು ಒಂದಿಷ್ಟು ಹೇಳಿಬಿಡಬೇಕು. ಹುಬ್ಬಳ್ಳಿ-ಧಾರವಾಡಗಳು ನಿಂತಿರುವುದು ನೀರನ್ನು ಪಾಲು ಮಾಡುವ ದಿಣ್ಣೆಯ ಮೇಲೆ. ಈ ಅವಳಿ ನಗರಗಳ ಸೀಮೆಯಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಾಲು ಪಶ್ಚಿಮಕ್ಕೆ ತಿರುಗುತ್ತದೆ. ಧಾರವಾಡದಿಂದ ಬಂದ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬಂದ ಹಳ್ಳವೂ ಕಲಘಟಗಿಯ ಸೀಮೆಯಲ್ಲಿ ಕೂಡಿ ಬೇಡ್ತಿಯಾಗುತ್ತವೆ. ಬೇಡ್ತಿ ಯಲ್ಲಾಪುರದ ಕಾಡನ್ನು ಹೊಕ್ಕು, ಮಾಗೋಡಿನಲ್ಲಿ ಸುಮಾರು 200 ಮೀಟರು ಕೆಳಕ್ಕೆ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಎಂಬ ಹೆಸರು ಪಡೆದು, ಅಂಕೋಲೆಯ ದಕ್ಷಿಣಕ್ಕೆ ಮಂಜಗುಣಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಟ್ಟು ಸುಮಾರು 150 ಕಿಲೋಮೀಟರುಗಳ ಬಾಳು. (ಶಿರಸಿಯ ಸಹಸ್ರಲಿಂಗದ ಶಾಲ್ಮಲೆ ಬೇರೆ; ಅವಳೂ ಮುಂದೆ ಈ ಬೇಡ್ತಿಯನ್ನೇ ಸೇರುವುದರಿಂದ ಗೊಂದಲ ಸಹಜ.)

ಇದರಲ್ಲಿ ಒಂದು ವಿನೋದವಿದೆ. ಇಂದು ನಾವು ಕುಡಿಯುವ ನೀರು ಬಹುಮಟ್ಟಿಗೆ ಸವದತ್ತಿಯ ಮಲಪ್ರಭಾ ಜಲಾಶಯದಿಂದ ಬರುತ್ತದೆ. ಎಂದರೆ ಪೂರ್ವಸಮುದ್ರಕ್ಕೆ ಸಲ್ಲಬೇಕಾಗಿದ್ದ ನೀರನ್ನು ಕೊಳವೆಯಲ್ಲಿ ತಂದು, ಮಿಂದು, ಅಡುಗೆ ಮಾಡಿ, ಪಾತ್ರೆ ತೊಳೆದು, ಹುಬ್ಬಳ್ಳಿಯ ನಾಲೆಯ ಮುಖಾಂತರ ಪಶ್ಚಿಮಸಮುದ್ರದ ದಾರಿಗೆ ಹಚ್ಚುತ್ತೇವೆ. ಉಣಕಲ್ ಕೆರೆಯಿಂದ ಊರೊಳಗೆ ಹರಿದು ಬಿಡನಾಳ, ಗಬ್ಬೂರುಗಳತ್ತ ಹೋಗುವ ಆ ನಾಲೆಯನ್ನು ಮೂಗು ಮುಚ್ಚಿಕೊಂಡು ದಾಟದ ಹುಬ್ಬಳ್ಳಿಯವನಿಲ್ಲ. ದಾರಿಯಲ್ಲಿ ರೈತರು ಅದೇ ನೀರನ್ನೆತ್ತಿ ಕಾಯಿಪಲ್ಲೆ ಬೆಳೆಯುತ್ತಾರೆ. ಒಂದು ಪಾಲು ಶುದ್ಧೀಕರಣದ ಘಟಕವನ್ನೂ ಹಾಯುತ್ತದೆ. ಉಳಿದುದು ಬೇಡ್ತಿಗೆ. ಗಂಗಾವಳಿಯ ದಂಡೆಯ ಮೇಲೆ ನಿಂತಾಗ ಇದೊಂದು ಅಳುಕು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ. ಇಲ್ಲಿಯ ಜನರಿಗೆ ನಾವು ಏನನ್ನು ಕಳಿಸುತ್ತಿದ್ದೇವೆ?

ವೈಶಾಖದ ಒಂದು ಬೆಳಗಿನ ಜಾವ ಅರಬೈಲ್ ಘಟ್ಟವಿಳಿದು ಅಂಕೋಲೆ ಸೇರಿದೆವು. ಅಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬರ ಮನೆ. ಮಂಜಗುಣಿಯ ಧಕ್ಕೆಯ ಬಳಿ ದೋಣಿ ಹತ್ತಿದಾಗ ಇಳಿತದ ಹೊತ್ತು. ನದಿಯ ನಡುವೆ ಮರಳದಿಬ್ಬಗಳು ಬೆನ್ನು ತೋರಿಸಿದ್ದವು. ಸೊಂಟದವರೆಗೆ ನೀರಿನಲ್ಲಿ ನಿಂತ ಹೆಂಗಸರು ಕಾಲಿನಿಂದ ತಡವಿ, ಬಾಗಿ, ಬೆಳಚು ತೆಗೆಯುತ್ತಿದ್ದರು. ಬೆಳಚು ಎಂದರೆ ಎರಡು ಚಿಪ್ಪಿನ ನಡುವಿನ ಮೆತ್ತನೆಯ ಪ್ರಾಣಿ. ಕರಾವಳಿಯ ಬಡವರ ಮನೆಯಲ್ಲಿ ಮೀನು ದುಬಾರಿಯಾದ ದಿನ ಸಾರಿಗೆ ಆಧಾರ.

ನನ್ನ ಸೊಸೆ (ಸೋದರ ಸೊಸೆಯನ್ನು ನಾವು ಹಾಗೆಯೇ ಕರೆಯುವುದು) ಒಂದು ಪುಟ್ಟ ದುರ್ಬೀನಿನಂಥ ಸಲಕರಣೆಯ ಗಾಜಿನ ಮೇಲೆ ಒಂದು ಹನಿ ನೀರಿಟ್ಟು ಬೆಳಕಿಗೆ ಹಿಡಿದು ನೋಡಿದಳು. ಅದು ಉಪ್ಪನ್ನು ಅಳೆಯುತ್ತದೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಬೇಸಿಗೆಯ ಕೊನೆಗೆ ಅಳಿವೆಯ ಬಾಯಿ ಹೆಚ್ಚುಕಡಿಮೆ ಸಮುದ್ರವೇ. ನದಿ ಸೊರಗಿರುತ್ತದೆ, ಭರತಿಯ ನೀರು ಮೈಲುಗಟ್ಟಲೆ ಒಳಕ್ಕೆ ನುಗ್ಗುತ್ತದೆ. ಬಳಿಕ ಕುದಿಸಿ ಶುದ್ಧಗೊಳಿಸಿದ ಸೀಸೆಯಲ್ಲಿ ನೀರು ತುಂಬಿ ಬರ್ಫದ ಪೆಟ್ಟಿಗೆಯಲ್ಲಿಟ್ಟಳು.

"ಮಾಮಾ, ಇದರಾಗ ಒಂದು ಚಮಚಾ ನೀರಿನ್ಯಾಗ ಸುಮಾರು ಐವತ್ತು ಲಕ್ಷ ಜೀವ ಅವ."

ನಾನು ಕೈಯನ್ನು ನೀರಿನಿಂದ ಹಿಂದಕ್ಕೆಳೆದುಕೊಂಡೆ. ಆಕೆ ನಕ್ಕಳು. ಆ ಐವತ್ತು ಲಕ್ಷದಲ್ಲಿ ನಮಗೆ ಕೇಡು ಮಾಡಬಲ್ಲವು ಬೆರಳೆಣಿಕೆಯಷ್ಟೂ ಇರಲಿಕ್ಕಿಲ್ಲ. ಉಳಿದವು ಮನೆಯ ಹಿತ್ತಲಿನ ತಿಪ್ಪೆಯಲ್ಲಿ ನಡೆಯುವ ಕೆಲಸವನ್ನೇ ನೀರಿನಲ್ಲಿ ನಡೆಸುತ್ತವೆ. ಉದುರಿದ ಎಲೆ, ಸತ್ತ ಮೀನು, ಸಿಗಡಿ ಕಳಚಿದ ಚಿಪ್ಪು, ಎಲ್ಲವನ್ನೂ ಕರಗಿಸಿ ಮತ್ತೆ ಗೊಬ್ಬರವಾಗಿಸುತ್ತವೆ. ದಂಡೆಯುದ್ದಕ್ಕೂ ಬೇರು ಚಾಚಿ ನಿಂತ ಕಾಂಡ್ಲಾ ಗಿಡಗಳ ಬುಡದಲ್ಲಿ ಕಪ್ಪು ಕೆಸರು. ಕೋಲಿನಿಂದ ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಗಾಳಿ ಸುಳಿಯದ ಆ ಕೆಸರಿನಲ್ಲಿ ಪ್ರಾಣವಾಯುವಿನ ಹಂಗಿಲ್ಲದೆ, ಸಮುದ್ರದ ನೀರಿನ ಗಂಧಕದ ಲವಣವನ್ನೇ ಉಸಿರಾಗಿಸಿಕೊಂಡು ಬದುಕುವ ಬ್ಯಾಕ್ಟೀರಿಯಾಗಳ ಕೈವಾಡ ಅದು. ನಾವು ಮೂಗು ಮುಚ್ಚುವ ಆ ಕೆಸರು ಇಲ್ಲವಾದರೆ ಅಳಿವೆಯಲ್ಲಿ ಸಿಗಡಿಯೂ ಇಲ್ಲ, ಮೀನಿನ ಮರಿಯೂ ಇಲ್ಲ.

ಬೇಸಿಗೆಯ ಬೆಚ್ಚನೆಯ ಉಪ್ಪುನೀರಿನಲ್ಲಿ ಮೆರೆಯುವವು ವಿಬ್ರಿಯೋ ಕುಲದವು. ಅಲ್ಪವಿರಾಮ ಚಿಹ್ನೆಯಂತೆ ಬಾಗಿದ ಮೈ, ಬಾಲದಲ್ಲೊಂದು ಎಳೆ. ಉಪ್ಪಿಲ್ಲದಿದ್ದರೆ ಅವುಗಳಲ್ಲಿ ಬಹಳಷ್ಟಕ್ಕೆ ಬದುಕಿಲ್ಲ. ಸಹಪಾಠಿಯ ಮನೆಯ ಅಟ್ಟದ ಮೇಲೆ ಸೊಸೆ ತನ್ನ ಗಾಜಿನ ತಟ್ಟೆಗಳನ್ನು ಹರಡಿದಳು. ಅವುಗಳಲ್ಲಿದ್ದ ಹಸಿರು ಪಾಕದ ಮೇಲೆ ಒಂದೊಂದೇ ಹನಿಯನ್ನು ಸವರಿ ಮುಚ್ಚಿಟ್ಟಳು. ಮರುದಿನ ಅಲ್ಲಲ್ಲಿ ಹಳದಿ, ಹಸಿರು ಚುಕ್ಕೆಗಳು ಅರಳಿದ್ದವು. ಒಂದೊಂದು ಚುಕ್ಕೆಯೂ ಒಂದೇ ಜೀವದಿಂದ ಹುಟ್ಟಿದ ಸಂಸಾರ. ಪಾಕವನ್ನು ಗಟ್ಟಿಗೊಳಿಸುವ ಅಗರ್ ಎಂಬುದು ಕಡಲಪಾಚಿಯಿಂದ ತೆಗೆದದ್ದು. ಅದನ್ನು ಪ್ರಯೋಗಶಾಲೆಗೆ ತಂದ ಯಶಸ್ಸು ಜರ್ಮನಿಯ ಒಬ್ಬ ಗೃಹಿಣಿಯದು: 1880ರ ದಶಕದ ಆರಂಭದಲ್ಲಿ ರಾಬರ್ಟ್ ಕಾಕ್ ಅವರ ಪ್ರಯೋಗಶಾಲೆಯಲ್ಲಿ ದುಡಿಯುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ, ತಾವು ಅಡುಗೆಮನೆಯಲ್ಲಿ ಹಣ್ಣಿನ ಪಾಕಕ್ಕೆ ಬಳಸುತ್ತಿದ್ದುದನ್ನೇ ಗಂಡನಿಗೆ ಸೂಚಿಸಿದರು. ಸಹಪಾಠಿಯ ಪತ್ನಿ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡರು.

ಆಷಾಢದ ಪ್ರವಾಸ ಪ್ರವಾಸವಾಗಿರಲಿಲ್ಲ. ಕಲಘಟಗಿ ದಾಟಿದ ಮೇಲೆ ಮಳೆ ನಮ್ಮನ್ನು ಬಿಡಲಿಲ್ಲ. ಧಾರವಾಡದಲ್ಲಿ ವರ್ಷಕ್ಕೆ ಬೀಳುವ ಮಳೆ ಕರಾವಳಿಯಲ್ಲಿ ಬೀಳುವುದರ ನಾಲ್ಕನೆಯ ಒಂದು ಪಾಲೂ ಆಗಲಾರದು. ಅಂಕೋಲೆಯ ಮಳೆಯನ್ನು ಕಂಡಾಗ ನಮ್ಮ ಜಿಟಿಜಿಟಿಗೆ ಮಳೆಯೆನ್ನಲು ನಾಚಿಕೆಯಾಗುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಮೇಲಿದ್ದ ಜನರನ್ನೂ ವಾಹನಗಳನ್ನೂ ಈ ಗಂಗಾವಳಿಯೊಳಕ್ಕೆ ನೂಕಿತ್ತು. ಆ ತಿರುವಿನಲ್ಲಿ ನಮ್ಮ ಚಾಲಕ ಮಾತನ್ನು ನಿಲ್ಲಿಸಿದ, ನಾವೂ ಸುಮ್ಮನಾದೆವು.

ನದಿ ಚಹದ ಬಣ್ಣಕ್ಕೆ ತಿರುಗಿತ್ತು. ದೋಣಿಯವನು ಹೊಳೆಯೊಳಕ್ಕೆ ಬರಲೊಲ್ಲ; ದಂಡೆಯಿಂದಲೇ ಹಗ್ಗ ಕಟ್ಟಿದ ಸೀಸೆಯನ್ನೆಸೆದು ನೀರು ತೆಗೆದೆವು. ಹನಿಯನ್ನು ಸಲಕರಣೆಯಲ್ಲಿಟ್ಟು ನೋಡಿ ಸೊಸೆ ನನ್ನ ಕೈಗೆ ಕೊಟ್ಟಳು. ಗೆರೆ ಸೊನ್ನೆಯನ್ನು ಬಿಟ್ಟು ಏಳಲಿಲ್ಲ. ಎರಡು ತಿಂಗಳ ಹಿಂದೆ ಸಮುದ್ರವಾಗಿದ್ದಲ್ಲಿ ಈಗ ಉಪ್ಪೇ ಇಲ್ಲ!

ಆಗ ನೀರಿನೊಳಗಿನ ರಾಜ್ಯವೂ ಬದಲಾಗುತ್ತದೆ. ಉಪ್ಪನ್ನು ಬೇಡುವ ಕುಲಗಳು ಹಿಂಜರಿಯುತ್ತವೆ. ಕೆಲವು ತಳದ ಕೆಸರಿಗಿಳಿಯುತ್ತವೆ. ಕೆಲವು ಬಿತ್ತದಂತೆ ಮುದುಡಿಕೊಂಡು, ತಟ್ಟೆಯ ಮೇಲೆ ಬೆಳೆಯಲೊಲ್ಲದೆ, ಸಾಯಲೂ ಒಲ್ಲದೆ ಕಾಯುತ್ತವೆ. ಈ ನಿದ್ರೆಯನ್ನು 1982ರಲ್ಲಿ ಅಮೆರಿಕೆಯ ರೀಟಾ ಕೋಲ್‌ವೆಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಖಾಲಿಯಾದ ಜಾಗಕ್ಕೆ ಭೂಮಿಯ ಕಡೆಯವು ಬರುತ್ತವೆ: ಮಣ್ಣಿನವು, ಕೊಟ್ಟಿಗೆಯವು, ಮತ್ತು ನಮ್ಮ ಕರುಳಿನವು. ಈ ಕೊನೆಯವನ್ನೇ ಎಣಿಸಿ ನೀರಿನ ಶೀಲವನ್ನು ನಿರ್ಧರಿಸುವುದು. ಮಿಂದೇಳುವ ಕಡಲನೀರಿನ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮುಗಳು 100ನ್ನು ಮೀರಬಾರದೆಂದು ನಮ್ಮ ದೇಶದ ಮಾಲಿನ್ಯ ನಿಯಂತ್ರಣ ಮಂಡಳಿಯ ಗೊತ್ತುವಳಿ. ಆಷಾಢದ ಆ ಕೆಂಪು ನೀರು ಅಟ್ಟದ ಮೇಲಿನ ಪರೀಕ್ಷೆಯಲ್ಲಿ ಈ ಗೆರೆಯನ್ನು ಧಾರಾಳವಾಗಿ ದಾಟಿತು.

ನಾನು ಕೇಳಬೇಕೆಂದಿದ್ದುದನ್ನು ಆಗ ಕೇಳಿಯೇಬಿಟ್ಟೆ: "ಇವು ನಮ್ಮ ಹುಬ್ಬಳ್ಳಿಯವೇನು?"

ಸೊಸೆ ತಕ್ಷಣ ಉತ್ತರಿಸಲಿಲ್ಲ. ಕರುಳಿನ ಬ್ಯಾಕ್ಟೀರಿಯಾ ಹೊರಗಿನ ಜಗತ್ತಿಗೆ ಹೇಳಿ ಮಾಡಿಸಿದ್ದಲ್ಲ. ಬಿಸಿಲು ಅದನ್ನು ಕೊಲ್ಲುತ್ತದೆ, ಉಪ್ಪು ಕೊಲ್ಲುತ್ತದೆ, ನೀರಿನಲ್ಲಿರುವ ಇನ್ನೂ ದೊಡ್ಡ ಸೂಕ್ಷ್ಮಜೀವಿಗಳು ಮೇಯುತ್ತವೆ. ತಿಳಿಯಾದ ಸಮುದ್ರದ ನೀರಿನಲ್ಲಿ ಬಿರುಬಿಸಿಲಿದ್ದರೆ ಕೆಲವೇ ಗಂಟೆಗಳಲ್ಲಿ ನೂರರಲ್ಲಿ ತೊಂಬತ್ತು ಸಾಯುತ್ತವೆ. ಬೇಸಿಗೆಯಲ್ಲಿ ಹುಬ್ಬಳ್ಳಿಯ ನಾಲೆಯಲ್ಲಿ ಹೊರಟದ್ದು ದಿನಗಟ್ಟಲೆ ನಡೆದು, ಮಾಗೋಡಿನಲ್ಲಿ ಬಿದ್ದು, ಮಂಜಗುಣಿಯನ್ನು ಜೀವಂತವಾಗಿ ಮುಟ್ಟುವುದು ಪವಾಡವೇ ಸರಿ. ಮಳೆಗಾಲದಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ಕೆಸರಿನ ಕಣ ಕೊಡೆಯಾಗುತ್ತದೆ, ಪ್ರವಾಹ ದಾರಿಯನ್ನು ಮೊಟಕುಗೊಳಿಸುತ್ತದೆ. ಆಗ ಬಾರದೆಂದು ಪ್ರಮಾಣ ಮಾಡಲಾಗದು. ಆದರೂ ತಟ್ಟೆಯಲ್ಲಿ ಅರಳಿದವುಗಳಲ್ಲಿ ಹೆಚ್ಚಿನವು ಇಲ್ಲಿಯ ದಂಡೆಯವೇ, ಇಲ್ಲಿಯ ಗುಂಡಿ-ಚರಂಡಿಗಳಿಂದ ಕೊಚ್ಚಿ ಬಂದವೇ ಆಗಿರಬೇಕೆಂದು ಆಕೆಯ ಅಭಿಪ್ರಾಯ. ನಾವು ನಿಶ್ಚಯವಾಗಿ ಕಳಿಸುವುದು ಜೀವಗಳನ್ನಲ್ಲ, ಅವುಗಳ ಊಟವನ್ನು: ಸಾಬೂನಿನ ಪುಡಿಯ ರಂಜಕ, ಮೂತ್ರದ ಸಾರಜನಕ. ಇದನ್ನು ಕೇಳಿ ನನಗೆ ಅರ್ಧ ಸಮಾಧಾನವಾಯಿತು. ಪೂರ್ತಿ ಆಗಲಿಲ್ಲ.

ನಾವು ಸೀಸೆ ತುಂಬುತ್ತಿದ್ದುದನ್ನು ತಾಳೆಗರಿಯ ಗೊರಬು ಸೂಡಿಕೊಂಡು ನೋಡುತ್ತಿದ್ದ ಒಬ್ಬಾಕೆ ಹತ್ತಿರ ಬಂದಳು. ವೈಶಾಖದಲ್ಲಿ ನೀರಿನಲ್ಲಿ ನಿಂತಿದ್ದವರಲ್ಲಿ ಒಬ್ಬಳು.

"ನೀರು ಕೆಟ್ಟಿದೆ ಅಂತ ಪೇಪರಿಗೆ ಬರೂಕೆ ಬಂದದ್ದಾ ನೀವು?"

ಇಲ್ಲವಮ್ಮ, ಓದಿಗಾಗಿ ಎಂದೆ.

"ಹಂಗೇನಾರೂ ಬರೆದ್ರೆ ಪ್ಯಾಟೆಯವ್ರು ಬೆಳಚು ತಕಣೂದಿಲ್ಲ. ಮತ್ತೆ ನಾವು ಎಂತ ತಿನ್ನೂದು?"

ಸೊಸೆಯ ಮುಖ ಸಣ್ಣದಾಯಿತು. ಆಕೆಯ ಟಿಪ್ಪಣಿಪುಸ್ತಕದ ಒಂದು ಅಂಕಿ ಈ ಹೆಂಗಸಿನ ಒಲೆಯನ್ನು ಆರಿಸಬಲ್ಲದು ಎಂದು ಯಾರೂ ಆಕೆಗೆ ಪಾಠದಲ್ಲಿ ಹೇಳಿರಲಿಲ್ಲ. ಬೆಳಚು ನೀರನ್ನು ಸೋಸಿ ಉಣ್ಣುವ ಪ್ರಾಣಿ; ನೀರಿನಲ್ಲಿ ಚೆದುರಿದ್ದುದು ಅದರ ಮೈಯಲ್ಲಿ ಕೂಡಿಬೀಳುತ್ತದೆ. ಅಂಕಿಯನ್ನು ಮುಚ್ಚಿಡುವುದೂ ತಪ್ಪು. ಆದರೆ ಆ ಹೆಂಗಸೇ ಗಂಟನ್ನು ಸಡಿಲಿಸಿದಳು. ಮಳೆಗಾಲದಲ್ಲಿ ತಾವು ಬೆಳಚಿಗೆ ಇಳಿಯುವುದೇ ಇಲ್ಲ, ಸಿಹಿನೀರು ಇಳಿದು ಬಂದರೆ ಬೆಳಚು ಸಾಯುತ್ತದೆ, ಬದುಕಿದ್ದಕ್ಕೂ ರುಚಿಯಿಲ್ಲ, ಮತ್ತೆ ಉಪ್ಪು ಏರಿದ ಮೇಲೆಯೇ ತಮ್ಮ ಕೆಲಸ ಎಂದಳು. ಕರುಳಿನ ಬ್ಯಾಕ್ಟೀರಿಯಾ ಹೆಚ್ಚುವ ಕಾಲಕ್ಕೂ ಬೆಳಚಿನ ಕಾಲಕ್ಕೂ ಗಂಗಾವಳಿಯೇ ನಡುವೆ ಗೆರೆ ಎಳೆದಿದ್ದಾಳೆ.

ಈ ಗೆರೆ ಎಲ್ಲ ನದಿಗಳಿಗೂ ಉಳಿದಿಲ್ಲ. ಬೇಡ್ತಿಗೆ ಅಡ್ಡಲಾಗಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟುವ ಯೋಜನೆಯನ್ನು 1980ರ ದಶಕದಲ್ಲಿ ಜನರ ವಿರೋಧದಿಂದ ಕೈಬಿಡಲಾಯಿತು. ಆದುದರಿಂದ ಇಲ್ಲಿ ಬೇಸಿಗೆ ಬೇಸಿಗೆಯಾಗಿ, ಮಳೆಗಾಲ ಮಳೆಗಾಲವಾಗಿ ಬರುತ್ತವೆ. ಹೊನ್ನಾವರದ ಶರಾವತಿಗೆ ಆ ಭಾಗ್ಯವಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ, ಅನಂತರ ಗೇರುಸೊಪ್ಪೆ ಹೀಗೆ ಕಟ್ಟೆಗಳಾದ ಮೇಲೆ ವಿದ್ಯುತ್ತು ತೆಗೆದು ಬಿಟ್ಟ ಸಿಹಿನೀರು ವರ್ಷವಿಡೀ ಅಳಿವೆಗೆ ಇಳಿಯುತ್ತದೆ. ಉಪ್ಪು ಏರಬೇಕಾದ ಕಾಲಕ್ಕೆ ಏರುವುದಿಲ್ಲ; ಅಲ್ಲಿ ಬೆಳಚಿನ ಕುಲಗಳು ಬಹಳಷ್ಟು ಕುಗ್ಗಿಹೋಗಿವೆಯೆಂದು ಸಂಶೋಧಕರು ಗುರುತಿಸಿದ್ದಾರೆ. ಅಣೆಕಟ್ಟು ಇಲ್ಲದ ನೆರೆಯ ಅಘನಾಶಿನಿಯಲ್ಲಾದರೋ ಅವು ಸಮೃದ್ಧವಾಗಿದ್ದುದನ್ನು ಅವರು ಕಂಡಿದ್ದಾರೆ. ಉಪ್ಪುನೀರನ್ನು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು, ಸಾಣಿಕಟ್ಟೆಯ ಉಪ್ಪಿನ ಆಗರಗಳು ಎಲ್ಲವೂ ಆ ಏರಿಳಿತವನ್ನೇ ನಂಬಿಕೊಂಡಿವೆ. 2024ರಲ್ಲಿ ಅಘನಾಶಿನಿಯ ಅಳಿವೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು.

ಆ ರಾತ್ರಿ ಅಟ್ಟದ ಮೇಲೆ ಮಳೆಯ ಸದ್ದಿನಲ್ಲಿ ನಿದ್ದೆ ಬರಲಿಲ್ಲ. ವಿಬ್ರಿಯೋ ಎಂಬ ಹೆಸರನ್ನು ಕೇಳಿದಾಗಿನಿಂದ ನನಗೆ ನಮ್ಮ ಅಜ್ಜಿಯ ನೆನಪು. ಆಕೆಯ ಚೊಚ್ಚಲ ಮಗ ಎರಡು ವರ್ಷದವನಿದ್ದಾಗ ವಾಂತಿ-ಭೇದಿ ಬ್ಯಾನಿಯಲ್ಲಿ ಒಂದೇ ರಾತ್ರಿಯಲ್ಲಿ ಹೋದ. ಆ ಬ್ಯಾನಿಯ ಹೆಸರನ್ನು ಆಕೆ ಕೊನೆಯವರೆಗೂ ಉಚ್ಚರಿಸಲಿಲ್ಲ. "ಅದು ಬಂದಿತ್ತು" ಎಂದಷ್ಟೇ ಅನ್ನುವಳು. ಮರುದಿನ ಇದನ್ನು ಸೊಸೆಗೆ ಹೇಳಿದೆ. ಆಕೆ ಮೆಲ್ಲನೆ ಹೇಳಿದಳು: ಕಾಲರಾದ ಬ್ಯಾಕ್ಟೀರಿಯಾಕ್ಕೂ ನಿಜವಾದ ತವರು ಅಳಿವೆಯೇ.

ಇಟಲಿಯ ಪಚೀನಿ 1854ರಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. ಕಾಕ್ 1884ರಲ್ಲಿ ಕಲಕತ್ತೆಯ ಕೆರೆಯೊಂದರ ನೀರಿನಲ್ಲಿ ಹಿಡಿದರು. ಅದು ಕರುಳಿನಲ್ಲಿ ಸುರಿಸುವ ವಿಷವನ್ನು 1959ರಲ್ಲಿ ಪತ್ತೆಹಚ್ಚಿದವರು ಅದೇ ಕಲಕತ್ತೆಯ ಶಂಭುನಾಥ ಡೇ. ಆದರೆ ಎರಡು ಪಿಡುಗುಗಳ ನಡುವೆ ಅದು ಎಲ್ಲಿ ಅಡಗುತ್ತದೆಂಬುದು ತಿಳಿದದ್ದು ತೀರ ಈಚೆಗೆ. ಉಪ್ಪು-ಸಿಹಿ ಬೆರೆತ ನೀರಿನಲ್ಲಿ, ಕಣ್ಣಿಗೆ ಕಾಣಿಸೀತೋ ಇಲ್ಲವೋ ಎಂಬಷ್ಟು ಸಣ್ಣ ಜಲಕೀಟಗಳ ಚಿಪ್ಪಿಗಂಟಿಕೊಂಡು, ಆ ಚಿಪ್ಪನ್ನೇ ಉಣ್ಣುತ್ತ ಅದು ಬದುಕಿರುತ್ತದೆ. ಅದರ ಇನ್ನೂರಕ್ಕೂ ಮಿಕ್ಕಿದ ಬಗೆಗಳಲ್ಲಿ ಪಿಡುಗೆಬ್ಬಿಸುವವು ಎರಡೇ. ಅಳಿವೆಯಲ್ಲಿ ಸಿಗುವವು ಬಹುಮಟ್ಟಿಗೆ ಸಾಧುಗಳು.

ಜಲಕೀಟಕ್ಕೆ ಅಂಟಿದ್ದಾದರೆ ಕೀಟವನ್ನು ಸೋಸಿದರೆ ಸಾಕಲ್ಲವೆ? ಕೋಲ್‌ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ನಾಲ್ಕಾರು ಮಡಿಕೆ ಮಾಡಿ ನೀರು ಸೋಸಿಸಿದರು. ಕಾಲರಾ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತೆಂದು 2003ರಲ್ಲಿ ವರದಿ ಮಾಡಿದರು. ನಾನು ಎದ್ದು ಕುಳಿತೆ. ನಮ್ಮ ಅಜ್ಜಿಯ ಹಂಡೆಯ ಬಾಯಿಗೆ ಸದಾ ಹಳೆಯ ಧೋತರದ ಎರಡು ಮಡಿಕೆ! ನಾರುಹುಣ್ಣಿನ ಭಯಕ್ಕೆ ಹಾಗೆ ಸೋಸುತ್ತಿದ್ದರು. ಆ ನಾರಿನ ಮರಿಯನ್ನು ಹೊತ್ತು ತರುತ್ತಿದ್ದುದೂ ಇದೇ ಕುಲದ ಜಲಕೀಟ. ಭಾರತದಲ್ಲಿ ನಾರುಹುಣ್ಣಿನ ಕೊನೆಯ ರೋಗಿ ಕಂಡದ್ದು 1996ರಲ್ಲಿ; 2000ದಲ್ಲಿ ದೇಶ ಅದರಿಂದ ಮುಕ್ತವೆಂದು ಸಾರಲಾಯಿತು. ಅಜ್ಜಿ ಆ ಬಟ್ಟೆಯನ್ನು ಕಟ್ಟತೊಡಗಿದ್ದು ಮಗ ಹೋಗುವ ಮೊದಲೋ ಆಮೇಲೋ ಎಂದು ಕೇಳಲು ಈಗ ಮನೆಯಲ್ಲಿ ಯಾರೂ ಉಳಿದಿಲ್ಲ.

ಮಾರ್ಗಶಿರದಲ್ಲಿ ಹೋದಾಗ ನೀರು ತಿಳಿಯಾಗಿತ್ತು. ಬಿಳಿ-ಕಪ್ಪು ತಟ್ಟೆಯನ್ನು ಹಗ್ಗದಿಂದ ಇಳಿಬಿಟ್ಟರೆ ಆಷಾಢದಲ್ಲಿ ಗೇಣುದ್ದಕ್ಕೇ ಮಾಯವಾಗುತ್ತಿದ್ದುದು ಈಗ ಆಳದವರೆಗೂ ಕಾಣಿಸಿತು. ಉಪ್ಪು ಮತ್ತೆ ಏರತೊಡಗಿತ್ತು. ತಟ್ಟೆಗಳಲ್ಲಿ ಕರುಳಿನವು ವಿರಳವಾಗಿ ಹಳದಿ ಚುಕ್ಕೆಗಳು ಮರಳಿದ್ದವು. ಮರಳದಿಬ್ಬದ ಸುತ್ತ ಹೆಂಗಸರೂ ಮರಳಿದ್ದರು. ಗೊರಬಿನವಳು ಸೊಸೆಯನ್ನು ಗುರುತಿಸಿ, ಬೇಡವೆಂದರೂ ಕೇಳದೆ ಒಂದು ಬುಟ್ಟಿ ಬೆಳಚನ್ನು ದೋಣಿಗೆ ಸುರಿದಳು. ಸೊಸೆ ತನ್ನ ಪುಸ್ತಕವನ್ನು ತೆರೆದು ಮೂರು ಕಾಲದ ಅಂಕಿಗಳನ್ನೂ ಆಕೆಗೆ ಓದಿ ಹೇಳಿದಳು, ಯಾವುದನ್ನೂ ಬಿಡದೆ. ಬೇಸಿಗೆಯ ಉಪ್ಪುನೀರಿನಲ್ಲಿ ಹೊಟ್ಟೆ ಕೆಡಿಸುವ ವಿಬ್ರಿಯೋಗಳೂ ಇರುತ್ತವೆ, ಬೆಳಚನ್ನು ಅರೆಬೇಯಿಸಿ ತಿನ್ನಬಾರದು, ಮಳೆಗಾಲದಲ್ಲಿ ಬಾವಿಯ ನೀರನ್ನು ಕುದಿಸಿಯೇ ಮಕ್ಕಳಿಗೆ ಕೊಡಬೇಕು ಎಂದೂ ಹೇಳಿದಳು. ಆಕೆ ಕೇಳಿಕೊಂಡು, "ಅರೆಬೆಂದದ್ದು ಯಾರು ತಿಂತಾರೆ?" ಎಂದು ನಕ್ಕು, ಬಾವಿಯ ಮಾತಿಗೆ ಮಾತ್ರ ಸುಮ್ಮನಾದಳು.

ನಾವು ಸಸ್ಯಾಹಾರಿಗಳು, ಬುಟ್ಟಿ ಸಹಪಾಠಿಯ ಮನೆಯ ಅಡುಗೆಮನೆಗೆ ಹೋಯಿತು. ಬಾಗಿಲಲ್ಲಿ ನಿಂತು ನೋಡಿದೆ. ಅವರ ಪತ್ನಿ ಬೆಳಚನ್ನು ನಾಲ್ಕು ನೀರಿನಲ್ಲಿ ತೊಳೆದು, ಪಾತ್ರೆಗೆ ಹಾಕಿ, ಮುಚ್ಚಳ ಮುಚ್ಚಿ ಉರಿ ಏರಿಸಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಟಕ್ ಎಂದು ಚಿಪ್ಪುಗಳು ಬಿಚ್ಚಿಕೊಳ್ಳುವ ಸದ್ದು. ಎಲ್ಲ ಬಿಚ್ಚಿದ ಮೇಲೂ ಇನ್ನಷ್ಟು ಹೊತ್ತು ಕುದಿಸಿದರು. ಬಳಿಕ ಸೌಟಿನಿಂದ ಕೆದಕಿ, ಬಾಯಿ ತೆರೆಯದೆ ಉಳಿದ ಮೂರನ್ನು ಆರಿಸಿ, ಕಿಟಕಿಯಿಂದ ತೆಂಗಿನ ಬುಡಕ್ಕೆ ಎಸೆದರು.